ಮಗನಲ್ಲಿ ಧೈರ್ಯ ಬೆಳೆಸುವುದು: ಮಲೆನಾಡಿನ ಕಥೋಲಿಕ ಮನೆಗಳಿಗೆ

"ಗಂಡು ಹುಡುಗ ಅಳಬಾರದು" ಅನ್ನುವ ಮಾತಿಗೆ ಶುಭಸಂದೇಶದಲ್ಲಿ ಆಧಾರವಿಲ್ಲ. ಲಾಜರನ ಸಮಾಧಿ ಹತ್ತಿರ ಯೇಸುಸ್ವಾಮಿ ಅತ್ತರು. ಗೆತ್ಸೆಮನೆ ತೋಟದಲ್ಲಿ ಅವರಿಗೆ ಭಯವಾಯಿತು. ಅದನ್ನು ಜೊತೆಗಿದ್ದವರಿಗೆ ಹೇಳಿಕೊಂಡರು, ತಂದೆಯ ಹತ್ತಿರ ಬೇಡಿಕೊಂಡರು, ಆಮೇಲೆ ಎದ್ದು, ತಮ್ಮನ್ನು ಹಿಡಿಯಲು ಬಂದವರ ಎದುರಿಗೆ ತಾವೇ ನಡೆದರು. ಮಗನಿಗೆ ಕಲಿಸಬೇಕಾದದ್ದು ಇದೇ ಕ್ರಮದಲ್ಲಿ: ಭಯವಾದರೆ ಹೇಳು, ಪ್ರಾರ್ಥನೆ ಮಾಡು, ಎದ್ದು ಹೋಗು. ಮೊದಲನೆಯದನ್ನೇ ಬಾಯಿ ಮುಚ್ಚಿಸಿದರೆ ಉಳಿದ ಎರಡೂ ಬರುವುದಿಲ್ಲ.

13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಇದನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಧೈರ್ಯಕ್ಕೆ ಎರಡು ಕೆಲಸ, ಮುನ್ನುಗ್ಗಿ ಎದುರಿಸುವುದು ಮತ್ತು ಜಾಗ ಬಿಡದೆ ತಾಳಿಕೊಳ್ಳುವುದು. ಎರಡರಲ್ಲಿ ಮುಖ್ಯವಾದದ್ದು ತಾಳಿಕೆ. ಧೈರ್ಯಕ್ಕೆ ವಿರುದ್ಧವಾದ ದೋಷಗಳನ್ನು ಹೇಳುವಾಗ ಅವರು ಹೇಡಿತನದ ಜೊತೆಗೆ ದುಡುಕನ್ನೂ, ಭಯವೇ ಇಲ್ಲದಿರುವುದನ್ನೂ ಸೇರಿಸುತ್ತಾರೆ. ಜುಲೈಯಲ್ಲಿ ತುಂಗೆ ಕೆಂಪಗೆ ತುಂಬಿ ಹರಿಯುವಾಗ ಗೆಳೆಯರ ಮೊಬೈಲಿಗೆ ಪೋಸು ಕೊಟ್ಟು ನೀರಿಗೆ ಹಾರುವ ಹುಡುಗ ಈ ಲೆಕ್ಕದಲ್ಲಿ ಧೈರ್ಯವಂತನಲ್ಲ. ಈಜು ಖಂಡಿತ ಕಲಿಸಿ. ಬೇಸಿಗೆಯಲ್ಲಿ, ನಿಂತ ನೀರಿನಲ್ಲಿ, ಈಜು ಬಲ್ಲ ದೊಡ್ಡವರೊಬ್ಬರು ಜೊತೆಗೆ ನೀರಲ್ಲೇ ಇರುವಾಗ.

ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1808ನೇ ಅಂಶವೂ ಇದನ್ನೇ ಹೇಳುತ್ತದೆ: ಕಷ್ಟದಲ್ಲಿ ಗಟ್ಟಿಯಾಗಿ ನಿಲ್ಲುವುದು, ಒಳ್ಳೆಯದನ್ನು ಬಿಡದೆ ಹಿಡಿಯುವುದು. ಬಿಡದೆ ಹಿಡಿಯುವುದು ಒಂದು ದಿನದ ಕ್ಯಾಂಪಿನಲ್ಲಿ ಬರುವ ಗುಣವಲ್ಲ. ಬೇಜಾರು ತರಿಸುವ ದಿನನಿತ್ಯದ ಕೆಲಸದಲ್ಲಿ ಬರುತ್ತದೆ.

ಏಳೆಂಟು ವರ್ಷಕ್ಕೆ: ಒಂದೇ ಕೆಲಸ, ಪೂರ್ತಿ ಅವನದು

ಕತ್ತಲಾಗುವ ಮೊದಲು ಕೋಳಿಗೂಡಿನ ಬಾಗಿಲು ಹಾಕುವುದು, ಬಚ್ಚಲ ಹಂಡೆಗೆ ಒಣ ಸೌದೆ ತಂದಿಡುವುದು, ಪೇಟೆ ಮನೆಯಾದರೆ ಬೆಳಿಗ್ಗೆ ಕಸದ ಗಾಡಿಗೆ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು. ಯಾವುದಾದರೂ ಒಂದು ಸಾಕು, ಆದರೆ ವರ್ಷವಿಡೀ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆಯಲ್ಲೂ ಅದು ಅವನದೇ. ಛತ್ರಿ, ಟಾರ್ಚು ಕೊಡಿ. ಕೆಲಸ ವಾಪಸ್ ತಗೊಳ್ಳಬೇಡಿ. ಹೆಚ್ಚಿನ ಮನೆಗಳಲ್ಲಿ ಕೆಡುವುದು ಇಲ್ಲೇ. ಹುಡುಗ ಮರೆಯುತ್ತಾನೆ, ಅಮ್ಮ ಮಾಡಿ ಮುಗಿಸುತ್ತಾರೆ, ಅಪ್ಪ ಬೈಯುತ್ತಾರೆ. ಅವನು ಕಲಿಯುವುದು ಇಷ್ಟೇ: ಬೈಗುಳ ತಿಂದರೆ ಕೆಲಸ ತಾನಾಗಿ ಆಗುತ್ತದೆ. ಮರೆತರೆ ಊಟದ ಮಧ್ಯದಲ್ಲೇ ಎಬ್ಬಿಸಿ ಕಳಿಸಿ. ಗಲಾಟೆ ಬೇಡ, "ಬಾಗಿಲು ಹಾಕಿಲ್ಲ ಮಗಾ" ಅಂದರೆ ಸಾಕು.

ಅಡುಗೆಮನೆ ಕೆಲಸವನ್ನು ಇದರಿಂದ ಹೊರಗಿಡಬೇಡಿ. ಮನೆಗೆಲಸ ಮಾಡಿದರೆ ಗಂಡಸುತನ ಕಡಿಮೆಯಾಗುವುದಿಲ್ಲ ಎಂದು ಪೋಪ್ ಫ್ರಾನ್ಸಿಸ್ ಕುಟುಂಬದ ಬಗೆಗಿನ 2016ರ ಪತ್ರ 'ಅಮೋರಿಸ್ ಲೆಟಿಷಿಯಾ'ದಲ್ಲಿ ನೇರವಾಗಿಯೇ ಬರೆದಿದ್ದಾರೆ. ಹೆಣ್ಣನ್ನು ಕೀಳಾಗಿ ಕಾಣುವ ಗಂಡಸಿನ ಮೇಲರಿಮೆಯನ್ನು ಸಂತ ಎರಡನೇ ಜಾನ್ ಪಾಲ್ 1981ರಲ್ಲೇ ಖಂಡಿಸಿದ್ದರು. ತಂಗಿ ತಟ್ಟೆ ತೊಳೆಯುವಾಗ ಅಣ್ಣ ಟಿವಿ ಮುಂದೆ ಕೂರುವ ಮನೆಯಲ್ಲಿ ಸಂತ ಜೋಸೆಫರ ಪಟಕ್ಕೆ ಎಷ್ಟು ಹೂವಿಟ್ಟರೂ ಅಷ್ಟೇ.

ಹದಿನಾಲ್ಕರ ಮೇಲೆ: "ಸರಿಯಿಲ್ಲ" ಅನ್ನುವ ಅಧಿಕಾರ

ತೋಟವಿದ್ದವರಿಗೆ ಮಳೆಗಾಲದ ಮುಂಚೆ ಒಂದು ಒಳ್ಳೆಯ ಅವಕಾಶ ಸಿಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ. 1 ಕೆಜಿ ಮೈಲುತುತ್ತ 50 ಲೀಟರ್ ನೀರಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರ್ ನೀರಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನಕ್ಕೆ ಸುರಿಯುತ್ತಾ ಕೋಲಿನಿಂದ ತಿರುಗಿಸಬೇಕು. ಕಲಸುವುದು, ಹೊಡೆಯುವುದು ದೊಡ್ಡವರ ಕೆಲಸ. ಪರೀಕ್ಷೆ ಮಾತ್ರ ಮಗನದು. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಹಾಕಿಸಿ, ತಿಕ್ಕಿ ತೊಳೆದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಲು ಹೇಳಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಗೊನೆ ಸುಡುತ್ತದೆ. ಕೆಂಪು ಹೋಗುವವರೆಗೆ ಸುಣ್ಣದ ತಿಳಿ ಸೇರಿಸಬೇಕು.

ಈಗ ಮುಖ್ಯ ವಿಷಯ. ಔಷಧಿ ಹೊಡೆಯುವವರು ಬಂದು ಕಾಯುತ್ತಿದ್ದಾರೆ, ಆಕಾಶ ಕಪ್ಪಾಗಿದೆ, ಹುಡುಗ ಚಾಕು ಎತ್ತಿ ನೋಡಿ "ಇನ್ನೂ ಕೆಂಪಿದೆ ಅಪ್ಪಾ" ಅನ್ನುತ್ತಾನೆ. ಆ ಹೊತ್ತಿಗೆ ನೀವು "ಪರವಾಗಿಲ್ಲ ಬಿಡೋ" ಅಂದರೆ ಪಾಠ ಮುಗಿಯಿತು. ಕೆಲಸ ನಿಲ್ಲಿಸಿ, ಸುಣ್ಣ ತರಿಸಿ. ದೊಡ್ಡವರ ಅವಸರದ ಎದುರು ನಿಜ ಹೇಳಿದರೆ ನಡೆಯುತ್ತದೆ ಎಂದು ಗೊತ್ತಾದ ಹುಡುಗನೇ ಮುಂದೆ ಕಾಲೇಜಿನಲ್ಲೋ ಆಫೀಸಿನಲ್ಲೋ ಸುಳ್ಳು ಲೆಕ್ಕಕ್ಕೆ ಸಹಿ ಹಾಕುವುದಿಲ್ಲ ಅನ್ನುವುದು. ತೋಟವಿಲ್ಲದವರು ಮನೆಯ ತಿಂಗಳ ಖರ್ಚಿನ ಲೆಕ್ಕ ತಾಳೆ ನೋಡುವ ಕೆಲಸ ಕೊಡಿ. ನಿಮ್ಮ ತಪ್ಪು ಹಿಡಿದರೆ ಒಪ್ಪಿಕೊಳ್ಳಿ.

ಬೇಡ ಅನ್ನುವುದನ್ನು ಬಾಯಿಪಾಠ ಮಾಡಿಸಿ

ಹುಡುಗರು ಸೋಲುವುದು ಸರಿ ತಪ್ಪು ಗೊತ್ತಿಲ್ಲದೆ ಅಲ್ಲ, ಆ ಕ್ಷಣಕ್ಕೆ ಮಾತು ಸಿಗದೆ. ಅದಕ್ಕೆ ತಾಲೀಮು ಬೇಕು. ನೀವು ಗೆಳೆಯನ ಪಾತ್ರ ಮಾಡಿ, ಅವನು ಉತ್ತರ ಕೊಡಲಿ. ವಾಟ್ಸಾಪ್ ಗುಂಪಿನಲ್ಲಿ ಕ್ಲಾಸಿನ ಹುಡುಗಿಯ ಫೋಟೋ ಬಂದಾಗ: "ನಾನು ಫಾರ್ವರ್ಡ್ ಮಾಡಲ್ಲ ಕಣೋ. ನೀನೂ ಡಿಲೀಟ್ ಮಾಡು." ಮದುವೆ ಮನೆಯಲ್ಲಿ ಗ್ಲಾಸು ಚಾಚಿದಾಗ: "ಬೇಡ ಮಾಮ, ನಾನು ಕುಡಿಯಲ್ಲ." ನಮ್ಮ ಮದುವೆಗಳಲ್ಲಿ ಈ ಎರಡನೆಯದನ್ನು ಹೇಳುವುದು ಹುಡುಗರಿಗೆ ನಿಜವಾಗಿಯೂ ಕಷ್ಟ, ಗ್ಲಾಸು ಚಾಚುವವರು ಹೊರಗಿನವರಲ್ಲವಲ್ಲ.

ನಿಯಮ ಮೂರು. ಮಾತು ಒಂದೇ ಸಾಲಿರಬೇಕು. ಕಾರಣ ಕೊಡಬಾರದು, ಕೊಟ್ಟರೆ ಚರ್ಚೆ ಶುರುವಾಗುತ್ತದೆ. ಹೇಳಿದ ಕೂಡಲೇ ಅಲ್ಲಿಂದ ಎದ್ದು ಬೇರೆ ಕಡೆ ಹೋಗಬೇಕು. ಮಾತನ್ನು ಹುಡುಗನೇ ಆರಿಸಲಿ. ಅಪ್ಪ ಬರೆದುಕೊಟ್ಟ ಪ್ರಸಂಗದ ಭಾಷೆಯನ್ನು ಹತ್ತನೇ ಕ್ಲಾಸಿನ ಯಾವ ಹುಡುಗನೂ ಗೆಳೆಯರ ಮುಂದೆ ಆಡುವುದಿಲ್ಲ. ಜೊತೆಗೆ ನಿಮ್ಮ ಕಡೆಯಿಂದ ಒಂದು ಮಾತು ಕೊಡಿ: ಎಷ್ಟೇ ಹೊತ್ತಿಗೆ ಫೋನ್ ಮಾಡಿದರೂ ಬಂದು ಕರೆದುಕೊಂಡು ಹೋಗುತ್ತೇನೆ, ಆ ರಾತ್ರಿ ಪ್ರಶ್ನೆ ಕೇಳುವುದಿಲ್ಲ. ಈ ಮಾತನ್ನು ಒಮ್ಮೆ ಮುರಿದರೂ ಎರಡನೇ ಫೋನ್ ಬರುವುದಿಲ್ಲ.

ಮೊಬೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾತ್ರಿ ಒಂಬತ್ತೂವರೆಗೆ ಎಲ್ಲರ ಫೋನೂ ಹಾಲಿನಲ್ಲಿ ಚಾರ್ಜಿಗೆ, ಅಪ್ಪನದೂ ಸೇರಿ.

ಪಾಪನಿವೇದನೆ ಸಾಲಿನಲ್ಲಿ ಅಪ್ಪ ಮೊದಲು

ವಿವೇಚನೆಯ ವಯಸ್ಸಿಗೆ ಬಂದವರು, ಅಂದರೆ ಸಾಮಾನ್ಯವಾಗಿ ಏಳು ತುಂಬಿದವರು, ಗಂಭೀರ ಪಾಪಗಳನ್ನು ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕೆನ್ನುವುದು ಧರ್ಮಸಭೆಯ ಕಾನೂನು. ತಿಂಗಳಿಗೊಮ್ಮೆ ಹೋಗುವ ರೂಢಿ ಮಾಡಿ. ಅಪ್ಪ ಹೊರಗೆ ಬೈಕ್ ಹತ್ತಿರ ನಿಂತು ಮಗನನ್ನು ಒಳಗೆ ಕಳಿಸುವುದು ಬೇಡ. ಮುಂದೆ ಅಪ್ಪ, ಹಿಂದೆ ಮಗ. ಹೊರಗೆ ಬಂದ ಮೇಲೆ "ಏನು ಹೇಳಿದೆ?" ಎಂದು ಯಾವತ್ತೂ ಕೇಳಬಾರದು. ಅದು ಗುರುಗಳು ಪ್ರಾಣ ಹೋದರೂ ಬಿಡದ ಗುಟ್ಟು, ನೀವು ಮನೆಗೆ ಬರುವ ದಾರಿಯಲ್ಲೇ ಒಡೆಸಬೇಡಿ.

ಮನೆಯಲ್ಲೂ ಹಾಗೆಯೇ. ತಂದೆತಾಯಿ ತಮ್ಮ ತಪ್ಪನ್ನು ಮಕ್ಕಳ ಮುಂದೆ ಒಪ್ಪಿಕೊಂಡರೆ ಅವರನ್ನು ತಿದ್ದುವುದು ಸುಲಭವಾಗುತ್ತದೆ ಎಂದು ಧರ್ಮೋಪದೇಶ ಗ್ರಂಥದ 2223ನೇ ಅಂಶ ಹೇಳುತ್ತದೆ. ಅದನ್ನು ಮಾಡುವ ರೀತಿ: ಅದೇ ದಿನ, ಬೈದದ್ದು ಎಲ್ಲರ ಮುಂದಾದರೆ ಕ್ಷಮೆಯೂ ಎಲ್ಲರ ಮುಂದೆ. "ಬೆಳಿಗ್ಗೆ ಅಮ್ಮನಿಗೆ ಕೂಗಿದ್ದು ನನ್ನ ತಪ್ಪು." ಅಲ್ಲಿಗೆ ನಿಲ್ಲಿಸಿ. "ಆದರೆ ನೀವೂ..." ಎಂದು ಮುಂದುವರಿಸಿದರೆ ಅದು ಕ್ಷಮೆಯಲ್ಲ, ಎರಡನೇ ಜಗಳ.

ಐದು ರಹಸ್ಯಗಳ ಜಪಸರಕ್ಕೆ ಇಪ್ಪತ್ತು ನಿಮಿಷ ಬೇಕು. ಚಿಕ್ಕವರಿಗೆ ಒಂದೇ ರಹಸ್ಯ ಸಾಕು. ಮಂಗಳವಾರ, ಶುಕ್ರವಾರ ದುಃಖದ ರಹಸ್ಯಗಳಲ್ಲಿ ಮೊದಲನೆಯದೇ ಗೆತ್ಸೆಮನೆ. ಅದನ್ನು ಮಗನೇ ಹೇಳಿಕೊಡಲಿ. ಉಪವಾಸದಲ್ಲಿ ಅವಸರ ಬೇಡ: ಮಾಂಸ ಬಿಡುವ ನಿಯಮ 14 ತುಂಬಿದ ಮೇಲೆ, ಉಪವಾಸದ ಕಡ್ಡಾಯ 18 ತುಂಬಿದ ಮೇಲೆ. ಹತ್ತು ವರ್ಷದವನನ್ನು ಹೊಟ್ಟೆಗಿಲ್ಲದೆ ಶಾಲೆಗೆ ಕಳಿಸಿದರೆ ಅವನು ಧೈರ್ಯ ಕಲಿಯುವುದಿಲ್ಲ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲವನ್ನು ದ್ವೇಷಿಸಲು ಕಲಿಯುತ್ತಾನೆ.

ಕತೆಗೆ ಯಾರು ಸಿಗುತ್ತಾರೆ

ಕತ್ತಿ ಹಿಡಿದ ಸಂತರನ್ನೇ ಹುಡುಕಬೇಕಿಲ್ಲ. ಜನವರಿ 14, ಸಂಕ್ರಾಂತಿ ಹೊತ್ತಿಗೆ, ಸಂತ ದೇವಸಹಾಯಂ ಅವರ ಹಬ್ಬ. ತಿರುವಾಂಕೂರು ಅರಸರ ಅಧಿಕಾರಿ, 1745ರಲ್ಲಿ ದೀಕ್ಷಾಸ್ನಾನ ಪಡೆದವರು. ವಿಶ್ವಾಸ ಬಿಡಲೊಪ್ಪದೆ ಸೆರೆ, ಹಿಂಸೆ ಅನುಭವಿಸಿ 1752ರಲ್ಲಿ ಗುಂಡಿಗೆ ಬಲಿಯಾದರು. 2022ರಲ್ಲಿ ಸಂತ ಪದವಿಗೇರಿದ ಅವರು ಗುರುಗಳಲ್ಲ, ಮದುವೆಯಾದ ಗೃಹಸ್ಥ. ಕಾಲೇಜು ಹುಡುಗರಿಗೆ ಬೆಟ್ಟ ಹತ್ತುವ ಹುಚ್ಚಿದ್ದ ಇಟಲಿಯ ಪಿಯರ್ ಜಾರ್ಜಿಯೊ ಫ್ರಸ್ಸಾತಿ ಹಿಡಿಸುತ್ತಾರೆ: 24ನೇ ವಯಸ್ಸಿಗೆ ಪೋಲಿಯೋದಿಂದ ತೀರಿಕೊಂಡವರು, ಬಡವರ ಮನೆಗಳಿಗೆ ಸದ್ದಿಲ್ಲದೆ ಹೋಗುತ್ತಿದ್ದವರು, 2025ರ ಸೆಪ್ಟೆಂಬರ್‌ನಲ್ಲಿ ಸಂತರಾದವರು. ಕತೆ ಹೇಳಿ ಬಿಡಬೇಡಿ. ನಿಮ್ಮ ಚರ್ಚಿನಲ್ಲಿ ಬಡವರ, ಕಾಯಿಲೆಯವರ ಮನೆಗಳಿಗೆ ಹೋಗುವ ವಿನ್ಸೆಂಟ್ ದ ಪಾಲ್ ಸಭೆಯಿದ್ದರೆ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ. 1833ರಲ್ಲಿ ಪ್ಯಾರಿಸಿನಲ್ಲಿ ಅದನ್ನು ಕಟ್ಟುವಾಗ ಫ್ರೆಡರಿಕ್ ಓಝಾನಮ್‌ಗೆ 20 ವರ್ಷ. ಕಾಯಿಲೆಯವರ ಮಂಚದ ಪಕ್ಕ ಅರ್ಧ ಗಂಟೆ ಕೂರುವುದು ಹುಡುಗರಿಗೆ ಹಾವು ನೋಡುವುದಕ್ಕಿಂತ ಭಯ. ಮೊದಲ ಸಲ ಅವನಿಗೆ ಕೆಲಸ ಕೊಡಿ, ನೀರು ತುಂಬಿಡುವುದೋ ಮಾತ್ರೆ ಎಣಿಸುವುದೋ. ಸುಮ್ಮನೆ ಕೂರಿಸಿದರೆ ಎರಡನೇ ಸಲ ಬರುವುದಿಲ್ಲ.

ಅಪ್ಪ ಗಲ್ಫಿನಲ್ಲಿದ್ದರೆ

ನಮ್ಮಲ್ಲಿ ಇಂಥ ಮನೆಗಳು ಕಡಿಮೆಯೇನಿಲ್ಲ. ದೀಕ್ಷಾಸ್ನಾನಕ್ಕೆ ನಿಂತ ಗಾಡ್‌ಫಾದರ್ ಫೋಟೋಕ್ಕೆ ಮಾತ್ರ ಇರುವುದಲ್ಲ. ಮಾವನೋ ಚಿಕ್ಕಪ್ಪನೋ ಆಗಿದ್ದರೆ ತಿಂಗಳಿಗೊಂದು ಭಾನುವಾರ ಹುಡುಗನನ್ನು ಅವರಿಗೆ ಒಪ್ಪಿಸಿ. ದೃಢೀಕರಣ ಸಂಸ್ಕಾರಕ್ಕೂ ಸಾಧ್ಯವಾದರೆ ಅವರೇ ನಿಲ್ಲುವುದು ಒಳ್ಳೆಯದು ಎಂದು ಧರ್ಮಸಭೆಯ ಕಾನೂನೂ ಹೇಳುತ್ತದೆ. ಹೆತ್ತ ಅಪ್ಪ ಆ ಜಾಗದಲ್ಲಿ ನಿಲ್ಲುವಂತಿಲ್ಲ. ಅಪ್ಪಂದಿರೇ, ವಾರದ ಫೋನಿನಲ್ಲಿ ಮಾರ್ಕ್ಸ್ ಕೇಳುವ ಮೊದಲು "ಈ ವಾರ ಯಾವುದು ಕಷ್ಟ ಆಯ್ತು ಮಗಾ?" ಎಂದು ಕೇಳಿ, ಅವನು ಹೇಳಿದ ಮೇಲೆ ನಿಮ್ಮದೊಂದನ್ನು ಹೇಳಿ. ಇಡುವ ಮುಂಚೆ ಇಬ್ಬರೂ ಸೇರಿ ಒಂದು ನಮೋ ಮರಿಯ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಸತ್ತ ದಿನಗಳಿಗೆ ವಾಯ್ಸ್ ಮೆಸೇಜ್ ಕಳಿಸಿಟ್ಟಿರಿ, ಸಿಗ್ನಲ್ ಬಂದಾಗ ಕೇಳುತ್ತಾನೆ.