ಆಕ್ಸೆಸ್ ಡಿನೈಡ್ ಅಂದ ಲ್ಯಾಂಬ್ಡಾ, ಲ್ಯಾಪ್‌ಟಾಪ್‌ನಲ್ಲಿ ಬೇರೆಯೇ ಕಥೆ ಹೇಳಿತು

ಅಮೆಜಾನ್ ಕ್ಲೌಡ್‌ನ ಫೈಲ್ ಸಂಗ್ರಹ ಎಸ್3ಗೆ ಫೋಟೋ ಬಂದ ಕೂಡಲೇ ಅದರ ಚಿಕ್ಕ ಪ್ರತಿ ತಯಾರಿಸುವ ಪೈಥಾನ್ ಲ್ಯಾಂಬ್ಡಾ (ಅದೇ ಕ್ಲೌಡ್‌ನಲ್ಲಿ ಬೇಕಾದಾಗ ಮಾತ್ರ ಓಡುವ ಫಂಕ್ಷನ್) ಒಂದು ನಮ್ಮಲ್ಲಿತ್ತು. ಹೆಚ್ಚಿನ ಫೋಟೋಗಳಿಗೆ ಸರಿಯಾಗಿ ಓಡುತ್ತಿತ್ತು. ಕೆಲವಕ್ಕೆ ಮಾತ್ರ ‘ಆಕ್ಸೆಸ್ ಡಿನೈಡ್’. ಎಲ್ಲರ ಕಣ್ಣೂ ಯಾರಿಗೆ ಯಾವ ಅನುಮತಿ ಅಂತ ಹೇಳುವ ಐಎಎಂ ಪಾಲಿಸಿ ಮೇಲೆ ಬಿತ್ತು. ಆದರೆ ಬಕೆಟ್ (ಫೈಲ್‌ಗಳಿರುವ ಜಾಗ) ಒಂದೇ, ರೋಲ್ (ಫಂಕ್ಷನ್‌ಗೆ ಅನುಮತಿ ಕೊಡುವ ಗುರುತು) ಒಂದೇ. ಕೆಲವು ಫೈಲ್‌ಗೆ ಮಾತ್ರ ಅನುಮತಿ ಇಲ್ಲ ಅಂದರೆ ವಿಚಿತ್ರ ಅಲ್ವಾ?

ಒಂದು ಪ್ರಿಂಟ್ ಸೇರಿಸಿ, ಕ್ಲೌಡ್‌ಗೆ ಡಿಪ್ಲಾಯ್ ಮಾಡಿ, ಅಲ್ಲಿನ ಕ್ಲೌಡ್‌ವಾಚ್ ಲಾಗ್‌ಗೆ ಕಾಯುವುದು ನನಗೆ ಆಗದ ಕೆಲಸ. ಲ್ಯಾಂಬ್ಡಾವನ್ನು ಲ್ಯಾಪ್‌ಟಾಪ್‌ನಲ್ಲೇ ಓಡಿಸಿ ನೋಡಲು ಸ್ಯಾಮ್ ಸಿಎಲ್ಐ ಅನ್ನುವ ಕಮಾಂಡ್ ಟೂಲ್ ತೆಗೆದುಕೊಂಡೆ. ಪ್ರೋಗ್ರಾಂಗಳನ್ನು ಕಂಟೈನರ್ ಅನ್ನುವ ಪ್ರತ್ಯೇಕ ಪರಿಸರದಲ್ಲಿ ಓಡಿಸುವ ಡಾಕರ್ ಚಾಲೂ ಇದ್ದರೆ ಸಾಕು, ‘ಸ್ಯಾಮ್ ಬಿಲ್ಡ್’ ಆದಮೇಲೆ ‘ಸ್ಯಾಮ್ ಲೋಕಲ್ ಇನ್ವೋಕ್’ ಅನ್ನಿ, ಫಂಕ್ಷನ್ ಕಂಟೈನರ್ ಒಳಗೆ ಓಡುತ್ತದೆ.

ಈವೆಂಟ್ (ಯಾವ ಫೈಲ್ ಬಂತು ಅಂತ ಫಂಕ್ಷನ್‌ಗೆ ತಿಳಿಸುವ ಮಾಹಿತಿ) ಯಾವುದು ಕೊಡುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ಸ್ಯಾಮ್‌ನ ‘ಜನರೇಟ್ ಈವೆಂಟ್’ ಕಮಾಂಡ್ ಒಂದು ಮಾದರಿ ಈವೆಂಟ್ ಕೊಡುತ್ತದೆ, ಅದರಲ್ಲಿ ಫೈಲ್ ಹೆಸರು ಸರಳ ಇಂಗ್ಲಿಷ್‌ನದ್ದು. ಅದಕ್ಕೆ ಫಂಕ್ಷನ್ ಸಲೀಸಾಗಿ ಓಡಿತು. ಹಾಗಾಗಿ ಸೋತ ಒಂದು ಈವೆಂಟನ್ನೇ ಲಾಗ್‌ನಿಂದ ಎತ್ತಿ ಜೇಸನ್ ಫೈಲ್‌ನಲ್ಲಿಟ್ಟೆ. ಪೈಥಾನ್ ಕೋಡನ್ನು ನಡುವೆ ನಿಲ್ಲಿಸಿ ನೋಡಲು ಬಿಡುವ ಡಿಬಗ್‌ಪೈ ಸೇರಿಸಿ, 5890 ಪೋರ್ಟ್‌ಗೆ ವಿಎಸ್ ಕೋಡ್ ಜೋಡಿಸಿದೆ. ಲ್ಯಾಂಬ್ಡಾದ ಮಾಮೂಲಿ ಟೈಮ್‌ಔಟ್ 3 ಸೆಕೆಂಡ್, ಆದರೆ ಡಿಬಗ್ ಪೋರ್ಟ್ ಕೊಟ್ಟಾಗ ಸ್ಯಾಮ್ ಅದನ್ನು ಹೇರುವುದಿಲ್ಲ. ಆರಾಮಾಗಿ ಒಂದೊಂದೇ ಸಾಲು ನೋಡಬಹುದು.

ಈ ಸಲ ಬಂದ ದೋಷ ‘ನೋ ಸಚ್ ಕೀ’, ಅಂದರೆ ಆ ಹೆಸರಿನ ಫೈಲೇ ಇಲ್ಲ. ಅನುಮತಿಯ ಮಾತೇ ಇಲ್ಲ! ಲೋಕಲ್‌ನಲ್ಲಿ ಓಡುವಾಗ ಫಂಕ್ಷನ್ ಬಳಸುವುದು ನನ್ನ ಸ್ವಂತ ಕ್ರೆಡೆನ್ಷಿಯಲ್ (ಲಾಗಿನ್ ಗುರುತು). ನನಗೆ ಬಕೆಟ್ ಪಟ್ಟಿ ನೋಡುವ ಅನುಮತಿ ಇದೆ, ಫಂಕ್ಷನ್‌ನ ರೋಲ್‌ಗೆ ಇಲ್ಲ. ಆ ಅನುಮತಿ ಇಲ್ಲದವರು ಇಲ್ಲದ ಫೈಲ್ ಕೇಳಿದರೆ ಎಸ್3 404 (ಸಿಗಲಿಲ್ಲ) ಅನ್ನುವುದಿಲ್ಲ, 403 (ಅನುಮತಿ ಇಲ್ಲ) ಅನ್ನುತ್ತದೆ.

ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲಿಸಿ ಫೈಲ್ ಹೆಸರು ನೋಡಿದೆ. ಬರೀ ಶೇಕಡಾ ಚಿಹ್ನೆಗಳು. ‘ಜಾತ್ರೆ ಫೋಟೋ’ ತರಹದ ಕನ್ನಡ ಹೆಸರದು. ಎಸ್3 ಈವೆಂಟ್‌ನಲ್ಲಿ ಹೆಸರು ಯುಆರ್‌ಎಲ್ ರೂಪದಲ್ಲಿ ಬರುತ್ತದೆ: ಸ್ಪೇಸ್ ಇದ್ದಲ್ಲಿ ಪ್ಲಸ್, ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ ಮೂರು ಬೈಟ್, ಪ್ರತಿ ಬೈಟ್‌ಗೂ ಒಂದು ಶೇಕಡಾ. ಕೋಡ್ ಅದನ್ನು ಬಿಡಿಸದೆ ಹಾಗೇ ಕೇಳುತ್ತಿತ್ತು. ಹೆಸರನ್ನು ಮೊದಲಿನ ರೂಪಕ್ಕೆ ಬಿಡಿಸುವ ‘ಅನ್‌ಕೋಟ್ ಪ್ಲಸ್’ ಒಂದು ಸಾಲು ಹಾಕಿದ ಮೇಲೆ ಫೋಟೋ ಸಿಕ್ಕಿತು.

ನನ್ನ ಕ್ರೆಡೆನ್ಷಿಯಲ್‌ನಲ್ಲಿ ಓಡಿತು ಅಂದ ಮಾತ್ರಕ್ಕೆ ರೋಲ್ ಸರಿ ಇದೆ ಅಂತಲ್ಲ. ಅದಕ್ಕೇ ಡೆವ್ (ಪ್ರಯೋಗದ) ಖಾತೆಗೆ ಡಿಪ್ಲಾಯ್ ಮಾಡಿ, ಅದೇ ಜೇಸನ್ ಇಟ್ಟು ಕ್ಲೌಡ್‌ನಲ್ಲೇ ಫಂಕ್ಷನ್ ಕರೆಯುವ ‘ಸ್ಯಾಮ್ ರಿಮೋಟ್ ಇನ್ವೋಕ್’ ಕೂಡ ಓಡಿಸಿದೆ. ರೋಲ್‌ಗೆ ಪಟ್ಟಿ ನೋಡುವ ಅನುಮತಿಯನ್ನೂ ಕೊಡಿಸಿದೆ, ಇನ್ನು ಮುಂದೆ 404 ಬಂದರೆ 404 ಅಂತಲೇ ಕಾಣಲಿ ಅಂತ.