ಖಾಲಿ ಇರಬೇಕಾದ ಹೊಂಡ

ಕಲಬುರಗಿಯ ರಿಂಗ್ ರಸ್ತೆಯ ಆಚೆಗಿರುವ ನಮ್ಮ ಬಡಾವಣೆಯ ತಗ್ಗಿನಲ್ಲಿ ಸುಮಾರು ಅರ್ಧ ಎಕರೆಯ ಮಳೆನೀರಿನ ಹೊಂಡವೊಂದಿದೆ. ನೀರಾವರಿ ಎಂಜಿನಿಯರನಾಗಿ ನಿವೃತ್ತನಾದ ಮೇಲೆ ನಾನು ಇಲ್ಲಿಗೆ ಮನೆ ಮಾಡಿಕೊಂಡು ಬಂದಾಗ ಅದರ ಸುತ್ತ ಬಳ್ಳಾರಿ ಜಾಲಿ ಬೆಳೆದಿತ್ತು. ಮನೆ ಕೆಡವಿದ ಮಣ್ಣು, ಪ್ಲಾಸ್ಟಿಕ್ ಎಲ್ಲವೂ ಅದರೊಳಗೇ ಬೀಳುತ್ತಿದ್ದವು. ಅದನ್ನು ಉದ್ಯಾನ ಮಾಡಬೇಕೆಂದು ನಿವಾಸಿಗಳ ಸಭೆಯಲ್ಲಿ ಮಾತು ಬಂದಾಗ ಹೆಚ್ಚಿನವರ ಕಣ್ಣ ಮುಂದೆ ಇದ್ದದ್ದು ನಮ್ಮ ಊರಿನ ಅಪ್ಪನ ಕೆರೆ. ವರ್ಷವಿಡೀ ತುಂಬಿದ ನೀರು, ಸುತ್ತ ಕಲ್ಲಿನ ಗೋಡೆ, ನಡುವೆ ಕಾರಂಜಿ ಬೇಕೆಂದು ಅವರು ಕೇಳಿದರು. ಕೆಳಗಿನ ಗಲ್ಲಿಯ ಹಿರಿಯ ಹೆಣ್ಣುಮಗಳೊಬ್ಬರು ಮಾತ್ರ ಎದ್ದು ನಿಂತು, "ಅಲ್ರೀ ಸರ, ಈಗೇ ಜೋರು ಮಳಿ ಬಂದ್ರ ನಮ್ಮ ಮನ್ಯಾಗ ನೀರು ಹೊಗ್ತದ. ಹೊಂಡ ಮೊದಲೇ ತುಂಬಿಸಿ ಇಟ್ರ ಆ ನೀರು ಎಲ್ಲಿ ಹೋಗ್ಬೇಕ್ರಿ?" ಎಂದು ಕೇಳಿದರು. ಮುಂದಿನ ಎರಡು ವರ್ಷ ನಾವು ಮಾಡಿದ ಕೆಲಸವೆಲ್ಲ ಆ ಪ್ರಶ್ನೆಗೆ ಬದ್ಧವಾಗಿಯೇ ನಡೆಯಿತು.

ಮರುವಾರದ ಸಭೆಯಲ್ಲಿ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಹೊಂಡಕ್ಕೆ ನೀರು ಹರಿದು ಬರುವ ಪ್ರದೇಶ ಸುಮಾರು 40 ಎಕರೆ. ಒಂದು ಎಕರೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಅದು 40 ಸಾವಿರ ಲೀಟರಿಗೂ ತುಸು ಹೆಚ್ಚು. ಹಾಗಾದರೆ 25 ಮಿಲಿಮೀಟರಿನ ಒಂದು ಮಳೆಯಲ್ಲಿ, ಅರ್ಧ ಭಾಗ ಭೂಮಿಯೇ ಕುಡಿಯುತ್ತದೆ ಎಂದು ಹಿಡಿದರೂ, ಸುಮಾರು 20 ಲಕ್ಷ ಲೀಟರ್ ನೀರು ಈ ಹೊಂಡಕ್ಕೆ ಬಂದು ಬೀಳುತ್ತದೆ. ಅಷ್ಟು ನೀರಿಗೆ ನಾಲ್ಕು ಅಡಿಯ ಖಾಲಿ ಜಾಗ ಬೇಕು. ಆದ್ದರಿಂದ ನಡುವಿನ ತಗ್ಗಿನಲ್ಲಿ ಎರಡಡಿ ನೀರು ಉಳಿಯುವಂತೆ ಮಾಡಿ, ಅದರ ಮೇಲ್ಮಟ್ಟಕ್ಕೆ ಆರು ಇಂಚಿನ ಒಂದು ಪೈಪನ್ನು, ಅದಕ್ಕಿಂತ ನಾಲ್ಕಡಿ ಮೇಲೆ ಅಗಲವಾದ ಕೋಡಿಯನ್ನು ಇಟ್ಟೆವು. ಪೈಪು ಸಣ್ಣದಾದ್ದರಿಂದ ನೀರು ಒಮ್ಮೆಲೇ ಕೆಳಗಿನ ಹಳ್ಳಕ್ಕೆ ನುಗ್ಗುವುದಿಲ್ಲ. ಸುಮಾರು ಒಂದು ದಿನದಲ್ಲಿ ನಿಧಾನವಾಗಿ ಇಳಿದು, ಮುಂದಿನ ಮಳೆಗೆ ಮತ್ತೆ ಜಾಗ ಬಿಡುತ್ತದೆ. ಪೈಪಿನ ಬಾಯಿಗೆ ಕಸ ಕಟ್ಟಿಕೊಳ್ಳದಂತೆ ಜಾಲರಿ ಹಾಕಿದ್ದೇವೆ, ಅದನ್ನು ಪ್ರತಿ ಮಳೆಯ ಮರುದಿನ ಕೈಯಿಂದಲೇ ಬಿಡಿಸಬೇಕು.

ಮೊದಲ ವರ್ಷ ನಾನು ಮಾಡಿದ ತಪ್ಪು ದಡದ್ದು. ನಡೆದಾಡಲು ಹೆಚ್ಚು ಜಾಗ ಸಿಗಲಿ ಎಂದು ದಡವನ್ನು ಕಡಿದಾಗಿ ಕತ್ತರಿಸಿ, ಅಂಚಿನವರೆಗೂ ಫರ್ಸಿ ಹಾಸಿಸಿದೆ. ನಮ್ಮದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನೌಕರಿಯುದ್ದಕ್ಕೂ ಈ ಮಣ್ಣಿನ ಮೇಲೆಯೇ ಕೆಲಸ ಮಾಡಿದ ನನಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಆದರೂ ಸಣ್ಣ ಹೊಂಡವಲ್ಲವೇ ಎಂದು ಅವಸರ ಮಾಡಿದೆ. ಸೆಪ್ಟೆಂಬರಿನಲ್ಲಿ ನೀರು ತುಂಬಿ ಇಳಿದ ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ, ದಡದ ಮೂವತ್ತು ಅಡಿ ಉದ್ದದ ಒಂದು ತುಂಡು ಫರ್ಸಿಯ ಸಮೇತ ಜಾರಿ ಕೆಳಗೆ ಕುಳಿತಿತ್ತು. ಕಲ್ಲುಗಳು ಒಂದರ ಮೇಲೊಂದು ವಾಲಿ ನಿಂತಿದ್ದವು, ಸಂದಿಯಲ್ಲಿ ಎರೆಮಣ್ಣು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಆಗ ಅಲ್ಲಿ ಯಾರೂ ಇರಲಿಲ್ಲ ಎಂಬುದೊಂದೇ ಸಮಾಧಾನ. ಮುಂದಿನ ಬೇಸಿಗೆಯಲ್ಲಿ ಎಲ್ಲವನ್ನೂ ಕೀಳಿಸಿ, ಒಂದಡಿ ಇಳಿಯಲು ನಾಲ್ಕಡಿ ಓಡುವ ಇಳಿಜಾರು ಮಾಡಿ, ಮೇಲೆ ಒಂದಡಿ ದಪ್ಪ ಮುರುಮ, ಅಂದರೆ ಗರಸು ಮಣ್ಣು, ಹಾಕಿ ಕುಟ್ಟಿಸಿದೆವು. ಜಾಗ ಕಡಿಮೆಯಾಯಿತು, ನಿಜ. ಆದರೆ ಇಂಥ ಇಳಿಜಾರಿನಲ್ಲಿ ಕಾಲು ಜಾರಿದ ಮಗುವೂ ತಾನೇ ಮೇಲೆ ಹತ್ತಿ ಬರಬಹುದಾದ್ದರಿಂದ ಕಂಬಿಬೇಲಿಯನ್ನು ಕೈಬಿಟ್ಟೆವು.

ಗಿಡ ನೆಡುವ ಮೊದಲು ನೀರಿನ ಮಟ್ಟವನ್ನು ನೆಲದ ಮೇಲೆ ಗುರುತಿಸಿಕೊಂಡೆವು. ಗೌಂಡಿಯೊಬ್ಬರು ತಮ್ಮ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಕೊಂಡು ಬಂದರು. ಅದರ ಒಂದು ತುದಿಯನ್ನು ಕೋಡಿಯ ಕಲ್ಲಿಗೆ ಹಿಡಿದು, ಇನ್ನೊಂದು ತುದಿಯನ್ನು ನಾನು ಹಿಡಿದು ದಡ ಸುತ್ತುತ್ತಾ, ಪೈಪಿನೊಳಗಿನ ನೀರು ನಿಂತ ಕಡೆಯೆಲ್ಲ ಸುಣ್ಣದ ಚುಕ್ಕೆ ಇಟ್ಟೆವು. ಕೋಡಿಯ ಮಟ್ಟದ ಗೆರೆಯಿಂದ ಮೇಲೆ ಬೇವು, ಹುಣಸೆ, ಹೊಂಗೆ ನೆಟ್ಟೆವು. ಆ ಗೆರೆಯ ಕೆಳಗೆ, ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ತಾಳಿಕೊಳ್ಳುವ ಕರಿಜಾಲಿ ಮತ್ತು ಹೊಳೆಮತ್ತಿ. ಇನ್ನೂ ಕೆಳಗೆ, ಮಣ್ಣು ಹಿಡಿಯಲು ಲಾವಂಚ. ನೀರಿನ ಅಂಚಿಗೆ ಆಪು ಎಂಬ ಜೊಂಡು. ಆಪು ಬಿಟ್ಟರೆ ಹೊಂಡವನ್ನೇ ತುಂಬಿಬಿಡುತ್ತದೆ, ಆದ್ದರಿಂದ ಅದನ್ನು ಪ್ರತಿ ಫೆಬ್ರವರಿಯಲ್ಲಿ ಅರ್ಧದಷ್ಟು ಕಿತ್ತು ಹಾಕುತ್ತೇವೆ.

ಚರಂಡಿ ಬಂದು ಸೇರುವಲ್ಲಿ ಹೂಳಿನ ಗುಂಡಿ ಮಾಡಿದ್ದು ಅಷ್ಟೇ ಮುಖ್ಯವಾದ ಕೆಲಸ. ಮರಳು, ಕಸ ಅಲ್ಲಿಯೇ ನಿಲ್ಲುತ್ತವೆ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಅದೊಂದನ್ನು ತೆಗೆದರೆ ಸಾಕು. ಸೊಳ್ಳೆಯ ಭಯ ಎಲ್ಲರಿಗೂ ಇತ್ತು. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ವಾರದಿಂದ ಹತ್ತು ದಿನ ಬೇಕಾಗುವುದರಿಂದ, ಒಂದು ದಿನದಲ್ಲಿ ಇಳಿದುಹೋಗುವ ಮಳೆನೀರಿನಿಂದ ತೊಂದರೆಯಿಲ್ಲ. ನಡುವೆ ಉಳಿಯುವ ಎರಡಡಿ ನೀರಿಗೆ ಮಾತ್ರ ಪಕ್ಕದ ಹೊಲದ ಕೃಷಿಹೊಂಡದಿಂದ ಸೊಳ್ಳೆಮರಿ ತಿನ್ನುವ ಸಣ್ಣ ಮೀನು ತಂದು ಬಿಡುತ್ತೇವೆ. ಸೊಳ್ಳೆ ನಿಯಂತ್ರಣಕ್ಕೆಂದೇ ಬಳಸುವ ಗ್ಯಾಂಬೂಸಿಯಾ ಎಂಬ ಹೊರದೇಶದ ಮೀನು ಬಿಡಿ ಎಂದು ಸಲಹೆ ಕೊಟ್ಟವರಿದ್ದರು, ಆದರೆ ಅದು ಕಪ್ಪೆಯ ಮರಿಗಳನ್ನೂ ತಿನ್ನುತ್ತದೆ ಎಂದು ನಾನು ಒಪ್ಪಲಿಲ್ಲ.

ಏಪ್ರಿಲ್ ಹೊತ್ತಿಗೆ ನಡುವಿನ ನೀರೂ ಬತ್ತುತ್ತದೆ. ಟ್ಯಾಂಕರಿನಿಂದ ತುಂಬಿಸೋಣ ಎಂಬ ಮಾತು ಪ್ರತಿ ಬೇಸಿಗೆಯಲ್ಲೂ ಬರುತ್ತದೆ, ಪ್ರತಿ ಬೇಸಿಗೆಯಲ್ಲೂ ನಾನು ಬೇಡವೆನ್ನುತ್ತೇನೆ. ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ಕುಡಿಯುವ ನೀರನ್ನು ತಂದು ಬಿಸಿಲಿಗೆ ಸುರಿಯುವುದು ನನ್ನಿಂದಾಗದು. ಆ ಎರಡು ತಿಂಗಳು ಮಕ್ಕಳು ಹೊಂಡದ ತಳದಲ್ಲಿಯೇ ಕ್ರಿಕೆಟ್ ಆಡುತ್ತಾರೆ. ಜುಲೈನಲ್ಲಿ ಅದೇ ಜಾಗದಲ್ಲಿ ಗುಳುಮುಳುಕ ಹಕ್ಕಿಗಳು ಮುಳುಗಿ ಏಳುತ್ತಿರುತ್ತವೆ. ಸಭೆಯಲ್ಲಿ ಪ್ರಶ್ನೆ ಕೇಳಿದ ಆ ತಾಯಿ ಈಗ ಸಂಜೆ ಬೇವಿನ ಕೆಳಗಿನ ಕಟ್ಟೆಗೆ ಬಂದು ಕೂರುತ್ತಾರೆ. ಜೋರು ಮಳೆ ಬಂದ ರಾತ್ರಿ ನನಗೆ ಫೋನು ಮಾಡಿ, ನೀರು ಸುಣ್ಣದ ಗೆರೆಗೆ ಎಷ್ಟು ಕೆಳಗಿದೆ ಎಂದು ಹೇಳುವವರೂ ಅವರೇ.