ಬರ್ಗರ್ ಕೌಂಟರ್ ಕೆಲಸ ಬಿಡಬೇಕೆ? ಬಿಡುವುದಾದರೆ ಹೇಗೆ?

ಫಾಸ್ಟ್‌ಫುಡ್ ಔಟ್‌ಲೆಟ್‌ಗಳಲ್ಲಿ ಕೆಲಸ ಬಿಡುವವರಲ್ಲಿ ಬಹಳ ಮಂದಿ ಬಿಡುವುದು ಒಂದೇ ರೀತಿ. ಸಂಬಳ ಖಾತೆಗೆ ಬಿದ್ದ ಮರುದಿನ ಶಿಫ್ಟ್‌ಗೆ ಬರುವುದಿಲ್ಲ, ಫೋನ್ ಸ್ವಿಚ್ ಆಫ್. ಕೆಲವು ದಿನ ಕಾದು ಎಚ್‌ಆರ್‌ನವರು ಆ ಹೆಸರಿನ ಮುಂದೆ ‘ಅಬ್ಸ್ಕಾಂಡಿಂಗ್’ (ಹೇಳದೆ ಓಡಿಹೋದವರು) ಎಂದು ಬರೆದು ಕಡತ ಮುಚ್ಚುತ್ತಾರೆ. ಹೋದವರಿಗೆ ಅದು ಬಿಡುಗಡೆ ಅನ್ನಿಸುತ್ತದೆ. ಆದರೆ ಕೊನೆಯ ತಿಂಗಳು ದುಡಿದ ದಿನಗಳ ಸಂಬಳ, ಉಳಿದ ರಜೆಯ ಹಣ, ಅನುಭವ ಪತ್ರ, ಪಿಎಫ್ (ಭವಿಷ್ಯ ನಿಧಿ) ತೆಗೆಯಲು ಬೇಕಾದ ‘ಕೆಲಸ ಬಿಟ್ಟ ದಿನಾಂಕ’ ಎಲ್ಲವೂ ಅಲ್ಲೇ ಸಿಕ್ಕಿಕೊಳ್ಳುತ್ತವೆ.

ಹಲವು ವರ್ಷ ಬೆಂಗಳೂರಿನ ಔಟ್‌ಲೆಟ್ ಒಂದರಲ್ಲಿ ಶಿಫ್ಟ್ ಮ್ಯಾನೇಜರ್ ಆಗಿದ್ದ ನಾನು, ಹೀಗೆ ಕೈಬಿಟ್ಟು ಹೋದ ದುಡ್ಡನ್ನು ಬೇಕಾದಷ್ಟು ನೋಡಿದ್ದೇನೆ. ಹಾಸನ, ಕಲಬುರಗಿ, ಚಾಮರಾಜನಗರ ಕಡೆಯಿಂದ ಬಂದು ಪಿಜಿಯಲ್ಲಿದ್ದು, ತಿಂಗಳು ತಿಂಗಳು ಮನೆಗೆ ಹಣ ಕಳಿಸುವ ಮಕ್ಕಳ ದುಡ್ಡದು. ಕೆಲಸ ಬಿಡಬೇಕಾದರೆ ಧಾರಾಳವಾಗಿ ಬಿಡಿ. ದುಡಿದದ್ದನ್ನು ಮಾತ್ರ ಬಿಟ್ಟು ಬರಬೇಡಿ.

ಮೊದಲು: ಸಾಕಾಗಿರುವುದು ಯಾವುದು?

‘ಈ ಕೆಲಸವೇ ಬೇಡ’ ಎನ್ನುವ ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳು ಇರಬಹುದು: ಪಾಳಿ, ಆ ಒಂದು ಅಂಗಡಿಯ ಮೇಲಿನವರು, ಅಥವಾ ಕೆಲಸವೇ. ಪ್ರತಿಯೊಂದಕ್ಕೂ ಪರಿಹಾರ ಬೇರೆ.

ಕ್ಲೋಸಿಂಗ್ ಶಿಫ್ಟ್ ಮನುಷ್ಯನನ್ನು ಹಿಂಡುತ್ತದೆ. ಶಟರ್ ಎಳೆದ ಮೇಲೆ ಫ್ರೈಯರ್ ಎಣ್ಣೆ ಸೋಸಬೇಕು, ನೆಲ ಉಜ್ಜಬೇಕು, ಸ್ಟಾಕ್ ಎಣಿಸಬೇಕು. ಅಷ್ಟು ಹೊತ್ತಿಗೆ ಬಸ್ಸಿಲ್ಲ. ಮರುದಿನ ಬೆಳಿಗ್ಗೆಯೇ ಓಪನಿಂಗ್ ಹಾಕಿದ್ದರೆ ನಿದ್ದೆಯೂ ಇಲ್ಲ. ನಿಮ್ಮ ತೊಂದರೆ ಇದೇ ಆಗಿದ್ದರೆ ರಾಜೀನಾಮೆಗೆ ಮುನ್ನ ಪಾಳಿ ಬದಲಾವಣೆಯನ್ನು ಬರವಣಿಗೆಯಲ್ಲಿ ಕೇಳಿ. ವಾಟ್ಸ್ಆ್ಯಪ್ ಸಂದೇಶವಾದರೂ ಸಾಕು, ದಾಖಲೆ ಉಳಿಯುತ್ತದೆ. ರಾತ್ರಿ ಪಾಳಿಗೆ ಹೆಣ್ಣುಮಕ್ಕಳ ಲಿಖಿತ ಒಪ್ಪಿಗೆ ಬೇಕು, ಮನೆಗೆ ತಲುಪಿಸುವ ವಾಹನದ ವ್ಯವಸ್ಥೆ ಮಾಲೀಕರ ಹೊಣೆ. ಅದು ಅವರು ಮಾಡುವ ಉಪಕಾರವಲ್ಲ.

ಒಬ್ಬ ಮ್ಯಾನೇಜರ್‌ನ ಬಾಯಿ ಸಹಿಸಲಾಗುತ್ತಿಲ್ಲ ಎಂದಾದರೆ ವರ್ಗಾವಣೆ ಕೇಳಿ. ದೊಡ್ಡ ಸರಪಳಿಗಳಿಗೆ ಒಂದೇ ಊರಿನಲ್ಲಿ ಹತ್ತಾರು ಔಟ್‌ಲೆಟ್‌ಗಳಿರುತ್ತವೆ, ಎಲ್ಲ ಕಡೆಯೂ ಆಳುಗಳ ಕೊರತೆ. ಏರಿಯಾ ಮ್ಯಾನೇಜರ್‌ಗೆ ನೇರವಾಗಿ ಕೇಳಿದರೆ ಎಷ್ಟೋ ಸಲ ಆಗುತ್ತದೆ, ನಿಮ್ಮ ಸೇವಾವಧಿಯೂ ಮುರಿಯುವುದಿಲ್ಲ.

ಆದರೆ ಮೈಮೇಲೆ ಕೈಹಾಕುವುದು, ಅಶ್ಲೀಲ ಮಾತು ಇಂಥವಕ್ಕೆ ವರ್ಗಾವಣೆ ಉತ್ತರವಲ್ಲ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಮೊದಲು ದೂರು, ಆಮೇಲೆ ರಾಜೀನಾಮೆ.

ಇನ್ನು ದುಡಿಮೆಯ ಗಂಟೆಗಳು. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ, ವಾರಕ್ಕೊಂದು ರಜೆ, 5 ಗಂಟೆ ದುಡಿದ ಮೇಲೆ ಕನಿಷ್ಠ 1 ಗಂಟೆ ವಿರಾಮ, ಓವರ್‌ಟೈಮ್‌ಗೆ ಎರಡು ಪಟ್ಟು ಕೂಲಿ ಎನ್ನುವುದು ಅದರ ಸಾರ. ಎರಡು ಮೂರು ವಾರಗಳ ರೋಸ್ಟರ್‌ನ (ಪಾಳಿ ಪಟ್ಟಿಯ) ಫೋಟೊ ತೆಗೆದು, ನೀವು ನಿಜವಾಗಿ ಒಳಗೆ ಬಂದ ಮತ್ತು ಹೊರಟ ಹೊತ್ತನ್ನು ಪಕ್ಕದಲ್ಲಿ ಬರೆದಿಡಿ. ಕೆಲಸದಲ್ಲಿ ಇರುವುದಾದರೂ ಬಿಡುವುದಾದರೂ ಬಾಕಿ ಕೇಳಲು ಇದು ಬೇಕು.

ಕೆಲಸವೇ ಸಾಕಾಗಿದ್ದರೆ, ಇಡೀ ದಿನ ನಿಂತು ಕಾಲು ಬಾತು, ಎಣ್ಣೆಯ ಕಾವಿಗೆ ಮೈ ಬೆಂದು, ಓದು ನಿಂತುಹೋಗಿದ್ದರೆ ಮುಂದೆ ಓದಿ.

ಹಣದ ಲೆಕ್ಕ ಕೈಗೆ ಬರುವ ಸಂಬಳದಿಂದ ಶುರುವಾಗುವುದಿಲ್ಲ

‘ಇಲ್ಲಿ ಕೈಗೆ ಹದಿನಾಲ್ಕು ಸಾವಿರ, ಡೆಲಿವರಿಗೆ ಹೋದರೆ ಇಪ್ಪತ್ತು’ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಪೇ ಸ್ಲಿಪ್ ತೆರೆದು ನೋಡಿ. ಮೂಲ ವೇತನ ₹12,000 ಎಂದಿಟ್ಟುಕೊಳ್ಳೋಣ. ಪಿಎಫ್‌ಗೆ ನಿಮ್ಮಿಂದ ಶೇ 12, ಅಂದರೆ ₹1,440 ಹೋಗುತ್ತದೆ. ಮಾಲೀಕರೂ ಅಷ್ಟೇ ಹಾಕುತ್ತಾರೆ. ಅದರಲ್ಲಿ ಸುಮಾರು ₹1,000 ಪಿಂಚಣಿ ನಿಧಿಗೆ, ಉಳಿದದ್ದು ನಿಮ್ಮ ಪಿಎಫ್‌ಗೆ. ಒಟ್ಟು ವೇತನ ₹21,000ದೊಳಗಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕೂಡ ಇರುತ್ತದೆ: ₹16,000ಕ್ಕೆ ನಿಮ್ಮ ಪಾಲು ಶೇ 0.75ರಂತೆ ₹120, ಮಾಲೀಕರ ಪಾಲು ಶೇ 3.25ರಂತೆ ₹520. ಈ ₹120ಕ್ಕೆ ನಿಮಗಷ್ಟೇ ಅಲ್ಲ, ನಿಮ್ಮ ಆದಾಯವನ್ನೇ ನಂಬಿರುವ ಅಪ್ಪ ಅಮ್ಮನಿಗೂ ರಾಜಾಜಿನಗರ, ಇಂದಿರಾನಗರದಂಥ ಇಎಸ್‌ಐ ಆಸ್ಪತ್ರೆಗಳಲ್ಲಿ ಚಿಕಿತ್ಸೆ.

ಡೆಲಿವರಿ ಕೆಲಸದಲ್ಲಿ ಮಾಲೀಕರು ಹಾಕುವ ಈ ಪಿಎಫ್, ಇಎಸ್‌ಐ ಇಲ್ಲ. ಪೆಟ್ರೋಲು, ಗಾಡಿಯ ಕಂತು, ಟೈರು, ಪೆಟ್ಟಾದರೆ ಕೂತು ಕಳೆಯುವ ದಿನಗಳು ನಿಮ್ಮವೇ. ಆ್ಯಪ್ ಮೂಲಕ ಹೀಗೆ ದುಡಿಯುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿ, ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕಕ್ಕೆ ದಾರಿ ಮಾಡಿದೆ. ಒಳ್ಳೆಯ ಹೆಜ್ಜೆಯೇ, ಆದರೆ ಪಿಎಫ್‌ಗೆ ಸಮನಲ್ಲ. ಇಪ್ಪತ್ತು ಸಾವಿರದಿಂದ ಇವನ್ನೆಲ್ಲ ಕಳೆದು ನೋಡಿ, ಆಮೇಲೂ ಹೆಚ್ಚು ಉಳಿದರೆ ಹೋಗಿ.

ಬೇರೆ ಕೆಲಸ ಗೊತ್ತುಮಾಡಿಕೊಳ್ಳದೆ ಬಿಡುವವರು ಕನಿಷ್ಠ ಎರಡು ತಿಂಗಳ ಪಿಜಿ ಬಾಡಿಗೆ, ಊಟ, ಮನೆಗೆ ಕಳಿಸುವ ಹಣವನ್ನು ಮೊದಲೇ ಪಕ್ಕಕ್ಕಿಡಿ. ಕೊನೆಯ ಸಂಬಳ ತಡವಾಗಬಹುದು, ಪಿಎಫ್ ತಕ್ಷಣ ಕೈಗೆ ಬರುವುದಿಲ್ಲ.

ಕೆಲವು ವಾರ ಕಾದರೆ ಲಾಭವಾಗುವ ಸಂದರ್ಭಗಳು

ಐದು ವರ್ಷ ತುಂಬಲು ಸ್ವಲ್ಪವೇ ಉಳಿದಿದ್ದರೆ ಹಲ್ಲುಕಚ್ಚಿ ಇರಿ. 5 ವರ್ಷ ನಿರಂತರ ಸೇವೆ ಸಲ್ಲಿಸಿದವರಿಗೆ ಬಿಡುವಾಗ ಗ್ರಾಚ್ಯುಟಿ (ಸೇವೆಗಾಗಿ ಮಾಲೀಕರು ಕೊಡುವ ಇಡಿಗಂಟು) ಸಿಗುತ್ತದೆ. ಪ್ರತಿ ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನ ಎಂದು ಲೆಕ್ಕ. ಲೆಕ್ಕಕ್ಕೆ ಹಿಡಿಯುವ ವೇತನ ₹13,000 ಇದ್ದರೆ ವರ್ಷಕ್ಕೆ ₹7,500, ಐದು ವರ್ಷಕ್ಕೆ ₹37,500. ನಿಶ್ಚಿತ ಅವಧಿಯ ಒಪ್ಪಂದದಲ್ಲಿ ಸೇರಿದವರಿಗೆ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಡಿ ಒಂದು ವರ್ಷಕ್ಕೇ ಅರ್ಹತೆ.

ಇಎಸ್‌ಐ ಕಂತಿನ (ಪ್ರತಿ ಸಂಬಳದಿಂದ ಕಟ್ಟುವ ಪಾಲಿನ) ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಏಪ್ರಿಲ್–ಸೆಪ್ಟೆಂಬರ್ ಅವಧಿಯಲ್ಲಿ 78 ದಿನದ ಕಂತು ಬಿದ್ದಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ವೈದ್ಯಕೀಯ ಸೌಲಭ್ಯ ಇರುತ್ತದೆ, ಅಷ್ಟರಲ್ಲಿ ನೀವು ಕೆಲಸ ಬಿಟ್ಟಿದ್ದರೂ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಬೇಕಿದ್ದರೆ, 78ಕ್ಕೆ ಕೆಲವೇ ದಿನ ಕಡಿಮೆ ಇದ್ದರೆ, ಆ ದಿನಗಳನ್ನು ತುಂಬಿಸಿಯೇ ಬಿಡಿ. ಗರ್ಭಿಣಿಯರು ಇನ್ನೂ ಎಚ್ಚರದಿಂದ ಲೆಕ್ಕ ಹಾಕಬೇಕು: ಹಿಂದಿನ ಎರಡು ಕಂತಿನ ಅವಧಿಗಳಲ್ಲಿ ಒಟ್ಟು 70 ದಿನದ ಕಂತು ಇದ್ದರೆ 26 ವಾರಗಳ ಹೆರಿಗೆ ಸೌಲಭ್ಯ ಸಿಗುತ್ತದೆ.

ಕೈ ಸುಟ್ಟುಕೊಂಡಿದ್ದೀರಾ? ಎಣ್ಣೆ ಸಿಡಿದ ಗಾಯವನ್ನು ಬರ್ನ್ ಕ್ರೀಮ್ ಹಚ್ಚಿ ಮರೆಯುವುದು ನಮ್ಮ ಅಡುಗೆಮನೆಗಳ ಕೆಟ್ಟ ಅಭ್ಯಾಸ. ಕೆಲಸದ ವೇಳೆ ಆದ ಗಾಯಕ್ಕೆ ಇಎಸ್‌ಐನಲ್ಲಿ ವೇತನದ ಶೇ 90ರಷ್ಟು ಹಣ ಸಿಗುತ್ತದೆ, ಅದಕ್ಕೆ ಇಷ್ಟು ದಿನದ ಕಂತು ಕಟ್ಟಿರಬೇಕೆಂಬ ಷರತ್ತಿಲ್ಲ. ಅಪಘಾತದ ಪುಸ್ತಕದಲ್ಲಿ ದಾಖಲಾಗಿರಬೇಕು, ಅಷ್ಟೇ. ಬಿಟ್ಟು ಹೋದ ಮೇಲೆ ಅದನ್ನು ಯಾರೂ ಬರೆದುಕೊಡುವುದಿಲ್ಲ.

ಬೋನಸ್ಸಿಗಾಗಿ ಮಾತ್ರ ದೀಪಾವಳಿವರೆಗೆ ಕಾಯಬೇಕಿಲ್ಲ. ಹಣಕಾಸು ವರ್ಷದಲ್ಲಿ 30 ದಿನ ದುಡಿದವರಿಗೆ ಆ ವರ್ಷದ ಬೋನಸ್ ಬಾಕಿ ಇರುತ್ತದೆ, ಕನಿಷ್ಠ ಶೇ 8.33. ಕೆಲವು ಕಡೆ ಅದನ್ನು ತಿಂಗಳ ಸಂಬಳದಲ್ಲೇ ಸೇರಿಸಿರುತ್ತಾರೆ, ಪೇ ಸ್ಲಿಪ್ ನೋಡಿದರೆ ತಿಳಿಯುತ್ತದೆ.

ನೀವು ಯಾರ ನೌಕರರು?

ಟೀ ಶರ್ಟಿನ ಮೇಲಿರುವ ಹೆಸರು ನಿಮ್ಮ ಮಾಲೀಕರದ್ದೇ ಆಗಿರಬೇಕಿಲ್ಲ. ಬ್ರ್ಯಾಂಡ್ ಒಬ್ಬರದು, ಫ್ರಾಂಚೈಸಿ ಮತ್ತೊಬ್ಬರದು, ಸಂಬಳ ಹಾಕುವ ಏಜೆನ್ಸಿ ಮೂರನೆಯವರದು. ನೇಮಕಾತಿ ಪತ್ರ ಮತ್ತು ಪೇ ಸ್ಲಿಪ್‌ನಲ್ಲಿ ಇರುವ ಹೆಸರಿಗೇ ರಾಜೀನಾಮೆ ಹೋಗಬೇಕು. ಅಂಗಡಿ ಕಾಯ್ದೆಯಡಿ ‘ಫಾರ್ಮ್ ಕ್ಯೂ’ ನಮೂನೆಯಲ್ಲಿ ನೇಮಕಾತಿ ಆದೇಶ ಕೊಡಬೇಕು. ಸಿಕ್ಕಿಲ್ಲದಿದ್ದರೆ ಈಗಲೇ ಕೇಳಿ ಪಡೆಯಿರಿ. ಅಪ್ರೆಂಟಿಸ್ ಎಂದು ಸೇರಿಸಿಕೊಂಡಿದ್ದರೆ ಬರುವುದು ಸ್ಟೈಪೆಂಡ್, ಪಿಎಫ್ ಮತ್ತು ಇಎಸ್‌ಐ ಇರುವುದಿಲ್ಲ. ಅಂಥವರು ಅಪ್ರೆಂಟಿಸ್‌ಷಿಪ್ ಅವಧಿ ಮುಗಿಸಿ ಪ್ರಮಾಣಪತ್ರ ಪಡೆದು ಹೊರಡುವುದು ಲಾಭ.

ಪತ್ರ, ಮಾತು, ನೋಟಿಸ್

ನೋಟಿಸ್ ಎಷ್ಟು ದಿನ ಎನ್ನುವುದು ನೇಮಕಾತಿ ಪತ್ರದಲ್ಲಿ ಇರುತ್ತದೆ. ಸಾಮಾನ್ಯವಾಗಿ 15 ಅಥವಾ 30 ದಿನ. ಅಷ್ಟು ದಿನ ಇರಲಾಗದಿದ್ದರೆ ಉಳಿದ ದಿನಗಳ ವೇತನ ಹಿಡಿಯುತ್ತಾರೆ. ಹಿಡಿಯುವುದು ಮೂಲ ವೇತನವೋ ಒಟ್ಟು ವೇತನವೋ ಎಂದು ಪತ್ರದಲ್ಲಿ ಓದಿ.

ಮ್ಯಾನೇಜರ್‌ಗೆ ಮೊದಲು ಬಾಯಿಮಾತಿನಲ್ಲಿ ಹೇಳಿ, ಆದರೆ ಶನಿವಾರ ಸಂಜೆಯ ರಷ್ ನಡುವೆ ಬೇಡ. ಮಧ್ಯಾಹ್ನ ಮೂರರ ಹೊತ್ತಿಗೆ ಕೌಂಟರ್ ಖಾಲಿ ಇರುತ್ತದೆ. ‘ಸರ್, ಮುಂದಿನ ತಿಂಗಳು 10ಕ್ಕೆ ನನ್ನ ಕೊನೆಯ ದಿನ. ಮೇಲ್ ಇವತ್ತೇ ಹಾಕ್ತೀನಿ, ಹೊಸಬರಿಗೆ ನನ್ನ ಸ್ಟೇಷನ್ ಕೆಲಸ ಹೇಳಿಕೊಡ್ತೀನಿ’ ಎಂದರೆ ಸಾಕು. ‘ಹಬ್ಬ ಮುಗಿಯಲಿ, ಆಮೇಲೆ ನೋಡೋಣ’ ಎಂಬ ಉತ್ತರ ಬರುವುದು ಬಹುತೇಕ ಖಚಿತ. ಒಪ್ಪುವುದು ಬಿಡುವುದು ನಿಮ್ಮಿಷ್ಟ. ಒಪ್ಪದಿದ್ದರೆ ಜಗಳಕ್ಕಿಳಿಯದೆ ‘ಇಲ್ಲ ಸರ್, ದಿನ ಬದಲಾಯಿಸೋಕಾಗಲ್ಲ’ ಎಂದು ಅದನ್ನೇ ಮತ್ತೆ ಹೇಳಿ.

ಅದೇ ದಿನ ಎಚ್‌ಆರ್‌ಗೆ ಮೇಲ್ ಕಳಿಸಿ, ಸ್ವಂತ ಮೇಲ್‌ಗೂ ಒಂದು ಪ್ರತಿ ಹಾಕಿಕೊಳ್ಳಿ. ಒಕ್ಕಣೆ ಹೀಗಿರಲಿ:

‘ನಾನು (ಹೆಸರು, ನೌಕರ ಸಂಖ್ಯೆ, ಔಟ್‌ಲೆಟ್) ನನ್ನ ಹುದ್ದೆಗೆ ಈ ಮೂಲಕ ರಾಜೀನಾಮೆ ನೀಡುತ್ತಿದ್ದೇನೆ. ನೇಮಕಾತಿ ಪತ್ರದಲ್ಲಿರುವ ನೋಟಿಸ್ ಅವಧಿಯಂತೆ ನನ್ನ ಕೊನೆಯ ದಿನ (ದಿನಾಂಕ). ಬಾಕಿ ವೇತನ, ರಜೆಯ ಹಣ, ರಿಲೀವಿಂಗ್ ಪತ್ರ ಮತ್ತು ಅನುಭವ ಪತ್ರ ನೀಡಬೇಕೆಂದು ಕೋರುತ್ತೇನೆ.’

ಕಾರಣ ಬರೆಯಬೇಕಿಲ್ಲ. ಸಿಟ್ಟಂತೂ ಬೇಡವೇ ಬೇಡ. ದೂರು ಇದ್ದರೆ ಅದಕ್ಕೆ ಬೇರೆ ಪತ್ರ.

ಕೊನೆಯ ವಾರ

ಕಂಪನಿಯ ಮೇಲ್ ಮತ್ತು ಆ್ಯಪ್ ಮುಚ್ಚಿಹೋಗುವ ಮುನ್ನ ಎಲ್ಲ ಪೇ ಸ್ಲಿಪ್‌ಗಳನ್ನು ಇಳಿಸಿಕೊಳ್ಳಿ. ಯುಎಎನ್ (ಕೆಲಸ ಬದಲಿಸಿದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ) ಮತ್ತು ಇಎಸ್‌ಐ ಸಂಖ್ಯೆ ಬರೆದುಕೊಳ್ಳಿ. ಯುಎಎನ್‌ಗೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಪಿಎಫ್‌ನ ಕೊನೆಯ ಕಂತು ಮತ್ತು ಖಾತೆಯಲ್ಲಿರುವ ಮೊತ್ತ ಎಸ್‌ಎಂಎಸ್‌ನಲ್ಲಿ ಬರುತ್ತದೆ. ಸಂಬಳದಲ್ಲಿ ಹಿಡಿದದ್ದು ನಿಜವಾಗಿ ಕಟ್ಟಿದ್ದಾರೆಯೇ ಎಂದು ಕೆಲಸದಲ್ಲಿ ಇರುವಾಗಲೇ ತಿಳಿಯಬೇಕು.

ಆಹಾರ ಸುರಕ್ಷತಾ ಪ್ರಾಧಿಕಾರದ ‘ಫಾಸ್ಟ್ಯಾಕ್’ ತರಬೇತಿ ಪ್ರಮಾಣಪತ್ರ ನಿಮ್ಮ ಹೆಸರಿನಲ್ಲಿದ್ದರೆ ಅದರ ಪ್ರತಿ ತೆಗೆದುಕೊಳ್ಳಿ. ಆಹಾರ ಮುಟ್ಟುವ ಪ್ರತಿ 25 ಜನರಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ ಇರಬೇಕೆಂಬ ನಿಯಮವಿರುವುದರಿಂದ ಹೋಟೆಲ್, ಆಸ್ಪತ್ರೆ ಕ್ಯಾಂಟೀನ್, ಸೂಪರ್‌ಮಾರ್ಕೆಟ್ ಎಲ್ಲ ಕಡೆಯೂ ಅದಕ್ಕೆ ಬೆಲೆಯಿದೆ.

ಸಮವಸ್ತ್ರ, ಗುರುತಿನ ಚೀಟಿ, ಲಾಕರ್ ಕೀಲಿ ಒಪ್ಪಿಸಿ ಸಹಿ ಪಡೆಯಿರಿ. ಕ್ಯಾಶ್ ಶಾರ್ಟ್ ಎಂದು ಹಣ ಹಿಡಿಯುವುದಾದರೆ ಅದು ನಿಮ್ಮ ನಿರ್ಲಕ್ಷ್ಯದಿಂದಲೇ ಆದ ನಷ್ಟವಾಗಿರಬೇಕು, ವಿವರಣೆ ಕೊಡಲು ನಿಮಗೆ ಅವಕಾಶವಿರಬೇಕು. ನಾಲ್ಕು ಜನ ಮುಟ್ಟಿದ ಗಲ್ಲಾದ ಕೊರತೆಯನ್ನು ಹೊರಡುವವರ ತಲೆಗೆ ಕಟ್ಟುವುದು ಅನ್ಯಾಯ, ಒಪ್ಪಬೇಡಿ. ‘ಎಲ್ಲ ಬಾಕಿ ಪಡೆದಿದ್ದೇನೆ’ ಎಂಬ ಕಾಗದಕ್ಕೆ ಹಣ ಖಾತೆಗೆ ಬರುವ ಮುನ್ನ ಸಹಿ ಹಾಕಬೇಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲಪ್ರತಿ ಅವರ ಬಳಿ ಇದ್ದರೆ ರಾಜೀನಾಮೆ ಮಾತೆತ್ತುವ ಮುನ್ನವೇ ಯಾವುದಾದರೂ ಅರ್ಜಿಗೆ ಬೇಕೆಂದು ವಾಪಸ್ ಪಡೆದುಬಿಡಿ.

ಹೊರಬಂದ ಮೇಲೆ

2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ 17ನೇ ಸೆಕ್ಷನ್ ಪ್ರಕಾರ, ರಾಜೀನಾಮೆ ಕೊಟ್ಟವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ‘ಫುಲ್ ಅಂಡ್ ಫೈನಲ್‌ಗೆ (ಕೊನೆಯ ಲೆಕ್ಕ ಚುಕ್ತಾಕ್ಕೆ) 45 ದಿನ ಆಗುತ್ತೆ’ ಎಂದು ಯಾರಾದರೂ ಹೇಳಿದರೆ ಈ ಸೆಕ್ಷನ್ ಸಂಖ್ಯೆ ಬರೆದು ಮೇಲ್ ಹಾಕಿ. ಅದಕ್ಕೂ ಜಗ್ಗದಿದ್ದರೆ ನಿಮ್ಮ ವ್ಯಾಪ್ತಿಯ ಕಾರ್ಮಿಕ ನಿರೀಕ್ಷಕರಿಗೆ ರಾಜೀನಾಮೆ ಮೇಲ್, ಪೇ ಸ್ಲಿಪ್, ರೋಸ್ಟರ್ ಫೋಟೊ ಲಗತ್ತಿಸಿ ದೂರು ಕೊಡಿ. ಬೆಂಗಳೂರಿನವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಬಹುದು.

ಹೊಸ ಕೆಲಸದಲ್ಲಿ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಟ್ಟು ಪಿಎಫ್ ವರ್ಗಾಯಿಸಿಕೊಳ್ಳಿ. ಐದು ವರ್ಷ ತುಂಬುವ ಮುನ್ನ ₹50,000 ಅಥವಾ ಹೆಚ್ಚು ತೆಗೆದರೆ ತೆರಿಗೆ ಹಿಡಿಯುತ್ತಾರೆ, ಪಿಂಚಣಿಗೆ ಬೇಕಾದ 10 ವರ್ಷದ ಸೇವೆಯೂ ಸೇರುತ್ತಾ ಹೋಗುವುದಿಲ್ಲ. ಹಳೆಯ ಕಂಪನಿ ಕೆಲಸ ಬಿಟ್ಟ ದಿನಾಂಕ ನಮೂದಿಸದಿದ್ದರೆ ಅವರ ಬೆನ್ನು ಬೀಳಬೇಕಿಲ್ಲ. ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪಿಎಫ್ ಪೋರ್ಟಲ್‌ನ ‘ಮ್ಯಾನೇಜ್’ ಪಟ್ಟಿಯಲ್ಲಿ ‘ಮಾರ್ಕ್ ಎಕ್ಸಿಟ್’ ಒತ್ತಿ ನೀವೇ ಹಾಕಬಹುದು. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ, ಆದ್ದರಿಂದ ಸಿಮ್ ಬದಲಿಸಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಹೊಸ ನಂಬರ್ ಸೇರಿಸಿ ಬನ್ನಿ.